ರೇಣುಕಾಳ ಕೆನ್ನೆ, ನನ್ನ ಟ್ಯೂಬು

ಡಾಕ್ಟರ್ ಸಣ್ಣ ಟಾರ್ಚನ್ನು ರೇಣುಕಾಳ ಕೆನ್ನೆಯ ಮೇಲಿಂದ ಸರಿಸಿ ನನ್ನ ಮುಖಕ್ಕೆ ಹಿಡಿದರು.

‘ನೀವು ಇದನ್ನ ಎಷ್ಟ ವರ್ಷದಿಂದ ಹಚ್ಚಾಕತ್ತೀರಿ?’

ನಾನು ಪೇಶಂಟ್ ಅಲ್ಲ, ಜೊತೆಗೆ ಬಂದವಳು. ಫೈಲಿನಲ್ಲಿ ನನ್ನ ಹೆಸರಿಲ್ಲ. ಕುರ್ಚಿ ಒಂದೇ ಇತ್ತೆಂದು ಗೋಡೆಗೆ ಒರಗಿ ನಿಂತಿದ್ದೆ. ಆ ಬೆಳಕು ಕಣ್ಣಿಗೆ ಬಿದ್ದಾಗ ಮುಖ ಪಕ್ಕಕ್ಕೆ ತಿರುಗಿಸಿದೆ. ಅವರು ಮತ್ತೊಮ್ಮೆ ಕೇಳಿದರು. ಹುಬ್ಬಳ್ಳಿಯ ಆ ಎ.ಸಿ. ಕೋಣೆಯಲ್ಲಿ ನನಗೆ ಬೆವರು ಒಡೆಯಿತು.

ಮೊದಲಿನಿಂದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನನ್ನ ತಪ್ಪನ್ನು ನಾನೇ ಸಣ್ಣದು ಮಾಡಿ ಹೇಳುವ ಅಪಾಯವಿದೆ.

ರೇಣುಕಾ ನವಲಗುಂದದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿರುವ ಹುಡುಗಿ. ಊರು ಕಲಘಟಗಿ ತಾಲೂಕಿನ ದೇವಿಕೊಪ್ಪ. ಸರಕಾರಿ ಬಸ್ಸಿನಲ್ಲಿ ಕಂಡಕ್ಟರ್. ವಯಸ್ಸು ಇಪ್ಪತ್ತೊಂಬತ್ತು. ದನಿ ಮಾತ್ರ ಹಿಂದಿನ ಬಾಗಿಲಿನಿಂದ ಡ್ರೈವರಿಗೆ ಮುಟ್ಟುವಂಥದ್ದು. ಬೆಳಿಗ್ಗೆ ಹಾಲು ಬಂತೆಂದು ಅವಳು ನನಗೆ ಹೇಳಿದರೆ ಇಡೀ ಓಣಿ ಪಾತ್ರೆ ಹಿಡಿದು ಹೊರಗೆ ಬರುತ್ತದೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಹಾಗಾಗಿ ಅವಳಿಗೂ ಓಣಿಗೂ ನಾನು ‘ಅಕ್ಕೋರು’. (ವಿಜ್ಞಾನ ಎಂಬ ಶಬ್ದವನ್ನು ದಯವಿಟ್ಟು ನೆನಪಿಡಿ. ನೀವು ಓದುತ್ತ ಹೋದಂತೆ ನನಗೆ ನಾಚಿಕೆಯಾಗಲು ಅದೇ ಸಾಕು.)

ಎರಡು ವರ್ಷದ ಹಿಂದೆ ಮೊರಬದ ಹತ್ತಿರ ಬಸ್ಸಿಗೆ ಎಮ್ಮೆಯೊಂದು ಅಡ್ಡ ಬಂತು. ಡ್ರೈವರ್ ಬ್ರೇಕ್ ಒತ್ತಿದ. ನಿಂತು ಟಿಕೆಟ್ ಕೊಡುತ್ತಿದ್ದ ರೇಣುಕಾ ಮುಗ್ಗರಿಸಿ ಸೀಟಿನ ಕಬ್ಬಿಣದ ಹಿಡಿಕೆಯ ಮೇಲೆ ಬಿದ್ದಳು. ಎಡಗೆನ್ನೆ ಸೀಳಿತು. ಎಮ್ಮೆಗೆ ಏನೂ ಆಗಲಿಲ್ಲ. ಅವಸರದಲ್ಲಿ ಸಿಕ್ಕ ಕಡೆ ಹೊಲಿಗೆ ಹಾಕಿಸಿದರು. ಗಾಯವೇನೋ ಮಾಯಿತು. ಆದರೆ ಕಣ್ಣಿನ ಕೆಳಗಿಂದ ತುಟಿಯ ಅಂಚಿನವರೆಗೆ ದಪ್ಪ ದಾರ ಅಂಟಿಸಿದಂಥ ಕಲೆ ಉಳಿಯಿತು.

ಕಂಡಕ್ಟರ್ ಆದವಳು ಮುಖವನ್ನು ಎಲ್ಲಿ ಬಚ್ಚಿಡಬೇಕು? ದಿನಕ್ಕೆ ನೂರಾರು ಜನ ಸೀಟಿನಲ್ಲಿ ಕೂತು ಕತ್ತೆತ್ತಿ ನೋಡುವುದು ಅವಳ ಮುಖವನ್ನೇ. ಇವಳು ಎಲ್ಲಿಗೆ ಎಂದು ಕೇಳಿದರೆ ಅವರು ಮುಖಕ್ಕೆ ಏನಾಯಿತೆಂದು ಕೇಳುತ್ತಿದ್ದರು. ಗಂಡ ಹೊಡೆದನೇ ಎಂದು ಮರುಕದಿಂದ ವಿಚಾರಿಸಿದವರೂ ಇದ್ದರಂತೆ. ಅವಳಿಗೆ ಮದುವೆಯೇ ಆಗಿಲ್ಲ!

ಒಂದು ಸಂಜೆ ನನಗೆ ಹೇಳಿದಳು: ‘ಈಗ ನಾ ಮಂದಿ ಮಾರಿ ನೋಡೂದ ಬಿಟ್ಟೇನ್ರಿ ಅಕ್ಕೋರ. ಕೈ ನೋಡಿ ಟಿಕೆಟ್ ಕೊಡತೇನಿ.’

ಕಳೆದ ವರ್ಷ ರಜೆಗಳನ್ನೆಲ್ಲ ಒಟ್ಟು ಮಾಡಿಕೊಂಡು ಹುಬ್ಬಳ್ಳಿಗೆ ಹೋಗಿ ಆಪರೇಶನ್ ಮಾಡಿಸಿಕೊಂಡಳು. ಹಳೆಯ ಕಲೆಯನ್ನೇ ಕತ್ತರಿಸಿ ತೆಗೆದು, ಕೂದಲೆಳೆಯಂಥ ದಾರದಲ್ಲಿ ಹೊಸದಾಗಿ ಹೊಲಿದರು. ಪ್ಲಾಸ್ಟಿಕ್ ಸರ್ಜರಿ ಎಂದರೆ ಕಲೆಯನ್ನು ಒರೆಸಿ ಹಾಕುವುದು ಎಂದುಕೊಂಡಿದ್ದೆ. ಅಲ್ಲವಂತೆ. ಕೆಟ್ಟ ಕಲೆ ತೆಗೆದು ಅದರ ಜಾಗದಲ್ಲಿ ಸಣ್ಣ ಕಲೆ ಕೂರಿಸುವುದಂತೆ. ಉಳಿದದ್ದು ಮನೆಯಲ್ಲಿ ಮಾಡುವ ಆರೈಕೆ.

ಆ ಆರೈಕೆಯನ್ನು ಡಾಕ್ಟರ್ ಒಂದು ಚೀಟಿಯಲ್ಲಿ ಬರೆದು ಕೊಟ್ಟಿದ್ದರು. ಗಾಯ ಪೂರ್ತಿ ಕೂಡಿದ ಮೇಲೆ ಬೆಳಿಗ್ಗೆ ಸಂಜೆ ಸಿಲಿಕಾನ್ ಜೆಲ್. ಬೆರಳ ತುದಿಯಿಂದ ಮೆಲ್ಲಗೆ ಮಸಾಜು. ಬಿಸಿಲು ತಾಗಿಸಬಾರದು. ಮೊದಲ ಕೆಲವು ತಿಂಗಳು ಕಲೆ ಇನ್ನಷ್ಟು ಕೆಂಪಾಗಿ ಉಬ್ಬಬಹುದು, ಹೆದರಬಾರದು. ತಿಳಿಯಾಗಲು ಒಂದು ವರ್ಷವಾದರೂ ಬೇಕು. ತಾವು ಹೇಳದೆ ಬೇರೇನೂ ಹಚ್ಚಬಾರದು. ರೇಣುಕಾ ಆ ಚೀಟಿಯನ್ನು ತಂದು ನನಗೆ ತೋರಿಸಿದಳು. ನಾನು ಗ್ಯಾಸಿನ ಮೇಲೆ ಹಾಲಿಟ್ಟಿದ್ದೆ. ಒಂದು ಕಣ್ಣು ಹಾಲಿನ ಮೇಲೆ, ಒಂದು ಕಣ್ಣು ಚೀಟಿಯ ಮೇಲೆ. ಚೊಲೋ ಆತು ಎಂದೆ. ಅವಳು ಅದನ್ನು ಒಯ್ದು ಕನ್ನಡಿಯ ಬಾಜು ಅಂಟಿಸಿದಳು.

ಹುಡುಗಿ ಅಗದಿ ಶಿಸ್ತಿನಿಂದ ಮಾಡಿದಳು. ಡ್ಯೂಟಿಯಲ್ಲಿ ಸ್ಕಾರ್ಫ್ ಬಿಚ್ಚಲಿಲ್ಲ. ಆದರೂ ಮೂರನೇ ತಿಂಗಳಿಗೆ ಕಲೆ ಕೆಂಪಾಗಿ ಉಬ್ಬಿತು. ಡಾಕ್ಟರ್ ಹೇಳಿದ್ದು ಅದನ್ನೇ. ಆದರೆ ಡಿಪೋದಲ್ಲಿ ಕೆಲಸ ಮಾಡುವವರು ಚೀಟಿ ಓದಿರುವುದಿಲ್ಲವಲ್ಲ? ಆಪರೇಶನ್ ಮಾಡಿಸಿಕೊಂಡು ಮೊದಲಿಗಿಂತ ಕೆಡಿಸಿಕೊಂಡು ಬಂದಳು ಎಂದು ಯಾರೋ ಅಂದರು. ಅಂದು ನಮ್ಮ ಕಟ್ಟೆಯ ಮೇಲೆ ಕೂತು ಆ ದೊಡ್ಡ ದನಿಯ ಹುಡುಗಿ ಸದ್ದಿಲ್ಲದೆ ಅತ್ತಳು.

ನನಗೆ ನೋಡಲಾಗಲಿಲ್ಲ. ಒಳಗೆ ಹೋಗಿ ನನ್ನ ಟ್ಯೂಬು ತಂದೆ.

ಆ ಟ್ಯೂಬಿನ ಚರಿತ್ರೆ ಇಷ್ಟು. ಅದಕ್ಕೂ ಏಳು ವರ್ಷದ ಹಿಂದೆ ನನ್ನ ಕೆನ್ನೆಯ ಮೇಲೆ ಬಂಗು ಎದ್ದಿತ್ತು. ಯಾವುದೋ ಮದುವೆಯಲ್ಲಿ ಯಾರೋ ಕ್ರೀಮಿನ ಹೆಸರು ಹೇಳಿದರು. ಮೆಡಿಕಲ್ ಅಂಗಡಿಯಲ್ಲಿ ಕೇಳಿದೆ, ಕೊಟ್ಟರು. ಹದಿನೈದು ದಿನದಲ್ಲಿ ಮುಖ ತಿಳಿಯಾಯಿತು. ಬಿಟ್ಟರೆ ಮತ್ತೆ ಕಪ್ಪಾಗುತ್ತಿತ್ತು, ಹಾಗಾಗಿ ಬಿಡಲಿಲ್ಲ. ಡಾಕ್ಟರಿಗೆ ತೋರಿಸಿದಿರಾ ಎನ್ನುತ್ತೀರಾ? ಬಂಗಿಗೆಲ್ಲ ಯಾರು ಡಾಕ್ಟರ ಬಳಿ ಹೋಗುತ್ತಾರೆ?

ರೇಣುಕಾ ಹಿಂಜರಿದಳು. ಬೇರೇನೂ ಹಚ್ಚಬಾರದು ಎಂದಿದ್ದಾರಲ್ಲ ಎಂದಳು. ಆಗ ನಾನು ಆಡಿದ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ.

‘ಡಾಕ್ಟರ್ ಹಂಗ ಹೇಳಬೇಕಾಗತೈತಿ. ನಾ ಏಳ ವರ್ಷ ಹಚ್ಚೇನಿ, ನನಗೇನಾಗೇತಿ ನೋಡು.’

ಅವಳು ನನ್ನ ಮುಖ ನೋಡಿದಳು. ಟ್ಯೂಬು ತೆಗೆದುಕೊಂಡಳು.

ಮತ್ತೆ ಏನಾಯಿತು ಗೊತ್ತೇ? ಕೆಲಸ ಮಾಡಿತು! ಅದೇ ನೋಡಿ ಭಯಂಕರ. ಇಪ್ಪತ್ತು ದಿನದಲ್ಲಿ ಕೆಂಪು ಇಳಿಯಿತು, ಉಬ್ಬು ಕುಗ್ಗಿತು. ಡಿಪೋದವರು ಬಾಯಿ ಮುಚ್ಚಿದರು. ನಾನು ಬಾಯಿ ತೆರೆದೆ. ಸ್ಟಾಫ್ ರೂಮಿನಲ್ಲಿ, ಓಣಿಯಲ್ಲಿ, ಸಂತೆಯಲ್ಲಿ, ಕೇಳಿದವರಿಗೂ ಕೇಳದವರಿಗೂ ಕ್ರೀಮಿನ ಹೆಸರು ಹೇಳಿದೆ. ಡಾಕ್ಟರ್ ಒಂದು ವರ್ಷ ಎಂದಿದ್ದನ್ನು ನಾನು ಇಪ್ಪತ್ತು ದಿನದಲ್ಲಿ ಮುಗಿಸಿದ್ದೆನಲ್ಲ.

ಕ್ರೀಮು ಹಚ್ಚತೊಡಗಿದ ಎರಡನೇ ತಿಂಗಳು ಅವಳ ಕೆನ್ನೆಯ ಮೇಲೆ ಕೆಂಪು ಎಳೆಗಳು ಕಾಣಿಸಿಕೊಂಡವು. ಆಮೇಲೆ ಸಣ್ಣ ಗುಳ್ಳೆಗಳು. ಬಿಸಿಲಿಗೆ ಹೋದರೆ ಉರಿ. ನಾಲ್ಕು ದಿನ ಬಿಟ್ಟು ನೋಡಿದಳು, ಉರಿ ಹೆಚ್ಚಾಯಿತು. ಮತ್ತೆ ಹಚ್ಚಿದಳು, ತಣ್ಣಗಾಯಿತು. ಅಂದಮೇಲೆ ಕ್ರೀಮು ಒಳ್ಳೆಯದೇ ಎಂದು ಇಬ್ಬರೂ ತೀರ್ಮಾನಿಸಿದೆವು. ದಿನಕ್ಕೆ ಒಮ್ಮೆ ಹಚ್ಚುತ್ತಿದ್ದವಳಿಗೆ ಎರಡು ಸಲ ಹಚ್ಚು ಎಂದವಳೂ ನಾನೇ.

ಒಂದು ಮಧ್ಯಾಹ್ನ ಅವಳು ಡ್ಯೂಟಿ ಅರ್ಧಕ್ಕೆ ಬಿಟ್ಟು ಬಂದಳು. ನನ್ನೆದುರೇ ನಿಂತು ಸ್ಕಾರ್ಫ್ ಬಿಚ್ಚಿದಳು. ಬಟ್ಟೆಯ ಜೊತೆ ಕೆನ್ನೆಯ ಚರ್ಮ ಅಂಟಿಕೊಂಡು ಬಂತು. ಉಳ್ಳಾಗಡ್ಡಿಯ ಒಳಪದರದಂತೆ, ಅಷ್ಟು ತೆಳ್ಳಗೆ. ಅವಳು ಕೂಗಲಿಲ್ಲ. ನಾನು ಕೂಗಿದೆ.

ಮರುದಿನ ಹುಬ್ಬಳ್ಳಿ.

ಏನು ಹಚ್ಚಿದಿರಿ ಎಂದು ಡಾಕ್ಟರ್ ಕೇಳಿದರು. ರೇಣುಕಾ ಬ್ಯಾಗಿನಿಂದ ಟ್ಯೂಬು ತೆಗೆದು ಮೇಜಿನ ಮೇಲಿಟ್ಟಳು. ಯಾರು ಕೊಟ್ಟರು ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿಬಿಟ್ಟಳು: ‘ಯಾರೂ ಇಲ್ರಿ. ಮೆಡಿಕಲ್‌ದಾಗ ಕೇಳಿ ನಾನ ತಂದೆನ್ರಿ.’

ನಾನು ಸುಮ್ಮನಿದ್ದೆ. ಒಪ್ಪಿಕೊಳ್ಳುತ್ತೇನೆ, ಒಳಗೊಳಗೆ ಸಮಾಧಾನವೂ ಆಯಿತು.

ಟಾರ್ಚು ನನ್ನತ್ತ ತಿರುಗಿದ್ದು ಆಗಲೇ. ಅವಳು ನನ್ನ ಹೆಸರು ಹೇಳಲಿಲ್ಲ. ನನ್ನ ಕೆನ್ನೆ ಹೇಳಿತು. ಅವಳ ಮುಖದ ಮೇಲೆ ಎದ್ದಿದ್ದ ಅದೇ ಕೆಂಪು ಎಳೆಗಳು ನನ್ನ ಮುಖದ ಮೇಲೂ ಇದ್ದವು. ಎಂದಿನಿಂದಲೋ! ಬಿಸಿಲು, ವಯಸ್ಸು, ಸೀಮೆಸುಣ್ಣದ ಪುಡಿ ಎಂದು ನಾನೇ ಒಂದೊಂದು ಕಾರಣ ಕೊಟ್ಟುಕೊಂಡು ಬಂದಿದ್ದೆ.

ಏಳು ವರ್ಷ ಎಂದೆ.

‘ಇದರಾಗ ಸ್ಟಿರಾಯ್ಡ್ ಐತ್ರಿ. ಆಕಿ ಗಾಯದ ಕಲಿ ಹೋಗಿಲ್ಲ. ಸುತ್ತಲಿನ ಚರ್ಮ ಸವದೈತಿ. ನಿಮ್ಮದೂ ಅಷ್ಟ.’

ಅಂಥ ಔಷಧವನ್ನು ತಾವೂ ಕೊಡುವುದುಂಟು, ಆದರೆ ಎಷ್ಟು ದಿನ, ಎಷ್ಟು ಪ್ರಮಾಣ ಎಂದು ಅಳೆದು ನೋಡಿ ಕೊಡುತ್ತೇವೆ ಎಂದು ವಿವರಿಸಿದರು. ಈಗ ಒಮ್ಮೆಲೇ ಬಿಟ್ಟರೆ ಮುಖ ಇನ್ನೂ ಕೆರಳುತ್ತದೆ, ತಾವು ಹೇಳಿದಂತೆ ಕಡಿಮೆ ಮಾಡುತ್ತ ಬರಬೇಕು, ಆಗಲೂ ಸ್ವಲ್ಪ ಕೆರಳಬಹುದು ಎಂದರು. ಇಬ್ಬರಿಗೂ ಬೇರೆ ಬೇರೆ ಚೀಟಿ. ನಾನು ಪೇಶಂಟ್ ಆದದ್ದು ಹೀಗೆ. ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ವಿಜ್ಞಾನ ಕಲಿಸುತ್ತೇನೆ ಎಂದೆ. ಅವರು ನಗಲಿಲ್ಲ. ಟ್ಯೂಬು ತಿರುಗಿಸಿ ಸಣ್ಣಕ್ಷರದ ಸಾಲಿಗೆ ಬೆರಳಿಟ್ಟು ನನ್ನ ಕೈಗೆ ಕೊಟ್ಟರು. ವೈದ್ಯರ ಚೀಟಿಯಿಲ್ಲದೆ ಮಾರಕೂಡದು ಎಂಬ ಅರ್ಥದ ಇಂಗ್ಲಿಷು. ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಎರಡು ಸಲ ಓದಿ ಎಂದು ಮಕ್ಕಳಿಗೆ ಬೈಯುವವಳು ನಾನು. ಏಳು ವರ್ಷ ಆ ಟ್ಯೂಬು ಹಿಂಡಿದ್ದೆ, ಒಮ್ಮೆಯೂ ಓದಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ಯಾಕೆ ಸುಳ್ಳು ಹೇಳಿದೆ ಎಂದು ಕೊನೆಗೆ ಕೇಳಿದೆ. ನಿಮ್ಮನ್ನು ಡಾಕ್ಟರ್ ಬೈಯುತ್ತಾರೆಂದು ಹೆದರಿದೆ ಎಂದಳು. ಇನ್ನೊಂದು ಸ್ಟಾಪು ದಾಟಿತು. ಆಮೇಲೆ ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು:

‘ಆದ್ರ ಅಕ್ಕೋರ, ಆ ಚೀಟಿ ನಿಮಗ ತೋರಿಸಿದ್ನೆಲ್ರಿ. ನೀವರ ಪೂರಾ ಓದಬೇಕಾಗಿತ್ತು.’

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸಿಟ್ಟನ್ನು ಎಲ್ಲಾದರೂ ತೀರಿಸಬೇಕಲ್ಲ, ಮೆಡಿಕಲ್ ಅಂಗಡಿಗೆ ಹೋದೆ. ಚೀಟಿಯಿಲ್ಲದೆ ಹೇಗೆ ಕೊಟ್ಟಿರಿ ಎಂದು ದನಿ ಏರಿಸಿದೆ. ಅವರು ಶಾಂತವಾಗಿ ಕೇಳಿಸಿಕೊಂಡರು. ಆಮೇಲೆ ಅಂದರು: ‘ಯಾರೂ ಅದರ ಹೆಸರ ಹೇಳೂದಿಲ್ರಿ ಈಗ. ಅಕ್ಕೋರ ಕ್ರೀಮ್ ಕೊಡ್ರಿ ಅಂತಾರ.’

ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅವರ ತಪ್ಪು ಅವರಿಗಿರಲಿ. ನನ್ನ ಹೆಸರಿನಲ್ಲಿ ಎಷ್ಟು ಮುಖಗಳು?

ಆ ವಾರವೆಲ್ಲ ಮನೆ ಮನೆ ತಿರುಗಿದೆ. ನೆನಪಾದವರಿಗೆಲ್ಲ ಹೇಳಿದೆ. ತಾವಾಗಿ ಬಿಡಬೇಡಿ, ಡಾಕ್ಟರಿಗೆ ತೋರಿಸಿ ಎಂದೆ. ಕೆಲವರು ಕೇಳಿದರು. ಕೆಲವರು ನನ್ನ ಮುಖವನ್ನೇ ನೋಡುತ್ತ ಕೂತರು. ಡಾಕ್ಟರ್ ಹೇಳಿದ್ದಂತೆ ಕ್ರೀಮು ಕಡಿಮೆಯಾದಂತೆ ಮುಖ ಕೆರಳಿತ್ತು. ಕೆಂಪಾಗಿ, ಊದಿಕೊಂಡು. ಏನಾಯಿತೆಂದು ತರಗತಿಯಲ್ಲಿ ಮಕ್ಕಳು ಕೇಳುತ್ತಿದ್ದರು, ರಸ್ತೆಯಲ್ಲಿ ಗುರುತಿಲ್ಲದವರೂ ಕೇಳುತ್ತಿದ್ದರು. ದಿನಕ್ಕೆ ನೂರಾರು ಜನ ಹಾಗೆ ಕೇಳಿದರೆ ಹೇಗಿರುತ್ತದೆಂದು ನಾನು ಅದುವರೆಗೆ ಯೋಚಿಸಿರಲಿಲ್ಲ.

ಈಗ ಎಂಟು ತಿಂಗಳಾಯಿತು. ರೇಣುಕಾಳ ಚರ್ಮ ಮತ್ತೆ ಕೂಡಿದೆ. ಅದೇ ಜೆಲ್, ಅದೇ ಮಸಾಜು, ಅದೇ ಸ್ಕಾರ್ಫ್, ಎಲ್ಲ ಮೊದಲಿಂದ. ಕಲೆ ತಿಳಿ ಗುಲಾಬಿ ಗೆರೆಯಾಗಿ ಉಳಿದಿದೆ. ಸುತ್ತಲಿನ ಕೆಂಪು ಎಳೆಗಳಲ್ಲಿ ಕೆಲವು ಹೋಗದೇ ಇರಬಹುದು ಎಂದಿದ್ದಾರೆ. ಎಮ್ಮೆ ಕೊಟ್ಟದ್ದನ್ನು ಡಾಕ್ಟರ್ ತಿದ್ದಿದರು. ಅಕ್ಕೋರು ಕೊಟ್ಟದ್ದು ಉಳಿಯಿತು. ಅವಳು ನಮ್ಮ ಮನೆ ಬಿಟ್ಟು ಹೋಗಿಲ್ಲ. ನನ್ನೊಡನೆ ಮಾತೂ ಬಿಟ್ಟಿಲ್ಲ. ಅದಕ್ಕೆ ನಾನು ಯೋಗ್ಯಳೇ ಎಂದು ಕೇಳಬೇಡಿ.

ಹೋದ ವಾರ ನಮ್ಮ ಶಾಲೆಯ ಹೊಸ ಟೀಚರ್ ಸುಮಂಗಲಾಳಿಗೆ ಈ ಕತೆಯನ್ನೆಲ್ಲ ಬಿಡಿಸಿ ಹೇಳಿದೆ. ಅವಳು ಗಲ್ಲದ ಮೇಲೆ ಕೈಯಿಟ್ಟು ಕೇಳಿದಳು. ಕಣ್ಣಲ್ಲಿ ನೀರು ತಂದುಕೊಂಡಳು. ಗಂಟೆ ಹೊಡೆದು ಎಲ್ಲರೂ ಎದ್ದ ಮೇಲೆ ಹತ್ತಿರ ಬಂದು, ಉಳಿದ ಟ್ಯೂಬು ಏನು ಮಾಡಿದಿರಿ ಎಂದು ಮೆಲ್ಲಗೆ ಕೇಳಿದಳು. ಕಸಕ್ಕೆ ಒಗೆದುಬಿಟ್ಟೆ ಎಂದೆ.

‘ಅಯ್ಯ, ನನಗರ ಕೊಡಬೇಕಿತ್ತಲ್ರಿ. ನಾ ಅಗದಿ ಸ್ವಲ್ಪನ ಹಚ್ಚತಿದ್ದೆ.’

ನನ್ನ ಮುಖವನ್ನೇ ಎದುರಿಗಿಟ್ಟುಕೊಂಡು ಕೇಳಿದವಳಿಗೆ ನಾನು ಇನ್ನೇನು ತೋರಿಸಬೇಕಿತ್ತು?