ಇಮಾನಿಗಾಗಿ ಎದ್ದು ನಿಂತಿದ್ದು

ಸ್ನೇಹಿತರೇ, ಇವತ್ತು ಮಧ್ಯಾಹ್ನ ನಾನು ಏಳಬಾರದ ಹೊತ್ತಿನಲ್ಲಿ ಎದ್ದುಬಿಟ್ಟೆ.

ಇಲ್ಲಿ ಅಮೆರಿಕದ ಹ್ಯೂಸ್ಟನ್ ಪಕ್ಕದ ಕೇಟಿ ಊರಿನಲ್ಲಿ ನಮ್ಮ ಪಕ್ಕದ ಮನೆಯ ಡೊಲೊರೆಸ್ ಓದಿದ್ದು ಕಪ್ಪು ಜನಾಂಗದವರಿಗಾಗಿ ಕಟ್ಟಿದ ಹಳೆಯ ಕಾಲೇಜಿನಲ್ಲಿ. ಹ್ಯೂಸ್ಟನ್‌ನಲ್ಲಿರುವ ಅದರ ಹಳೆ ವಿದ್ಯಾರ್ಥಿ ಸಂಘಕ್ಕೆ ಅವಳೇ ಅಧ್ಯಕ್ಷೆ. ಈ ವರ್ಷ ಆ ಕಾಲೇಜಿಗೆ ಸೇರಲು ಹೊರಟ ಮಕ್ಕಳನ್ನು ಬೀಳ್ಕೊಡುವ ಊಟಕ್ಕೆ ನನ್ನನ್ನೂ ಎಳೆದುಕೊಂಡು ಹೋದಳು. ಅಲ್ಲೊಂದು ಪದ್ಧತಿ. ಹೆಸರು ಕರೆದಾಗ ಹೊಸ ವಿದ್ಯಾರ್ಥಿ ಎದ್ದು ನಿಲ್ಲಬೇಕು. ಹಳಬರೊಬ್ಬರು ಎದ್ದು "ಈ ಮಗು ನನ್ನದು" ಎಂದ ಮೇಲೆಯೇ ಕೂರಬೇಕು.

ಕೊನೆಗೆ ಇಮಾನಿ ಎಂಬ ಹುಡುಗಿ ಎದ್ದಳು. ಅವಳಿಗೆ ಗೊತ್ತುಮಾಡಿದ್ದ ಹೆಂಗಸು ಆಸ್ಟಿನ್‌ನಿಂದ ಬರುತ್ತಾ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಳು. ಉಳಿದ ಹಳಬರಿಗೆಲ್ಲ ಆಗಲೇ ಒಂದೊಂದು ಮಗು ಸಿಕ್ಕಿತ್ತು. ಹುಡುಗಿ ತಟ್ಟೆ ನೋಡುತ್ತಾ ನಿಂತೇ ಇದ್ದಳು. ತಡೆಯಲಾಗದೆ ನಾನು ಎದ್ದು "ಈ ಮಗು ನನ್ನದು" ಎಂದೆ.

"ನೀನು ಯಾವ ವರ್ಷದ ಬ್ಯಾಚಮ್ಮ?" ಎಂದರು ಹಿಂದೆ ಕೂತಿದ್ದ ಒಬ್ಬ ಅಜ್ಜ.

"ಕಾಲೇಜಿಗೇ ಹೋಗಿಲ್ಲ ಸರ್. ಹತ್ತನೇ ಕ್ಲಾಸು."

ಹಾಲ್ ಇಡೀ ನಕ್ಕಿತು. ಇಮಾನಿಯೂ ನಕ್ಕು ಕೂತಳು.

ಆಸ್ಟಿನ್‌ನವಳು ಬಂದ ಮೇಲೆ ಹುಡುಗಿಯನ್ನು ಒಪ್ಪಿಸಲು ಹೊರಟೆ. ಡೊಲೊರೆಸ್ ಬಿಡಲಿಲ್ಲ.

"ಎದ್ದವರು ಹಿಂದೆ ಸರಿಯೋ ಹಾಗಿಲ್ಲ, ಸುಧಾ. ಡಿಗ್ರಿ ಮುಗಿಯೋ ತನಕ ಪ್ರತಿ ಭಾನುವಾರ ನೀನೇ ಫೋನ್ ಮಾಡ್ಬೇಕು."

"ಹನ್ನೊಂದು ಗಂಟೆ ಮೇಲೆ ಮಾಡಿ, ಮ್ಯಾಮ್. ಅಲ್ಲೀವರೆಗೂ ನಾನು ಏಳಲ್ಲ," ಎಂದಳು ಇಮಾನಿ.

ನಮ್ಮ ಯಜಮಾನರು ತೀರಿಹೋದ ಮೇಲೆ ಈ ಏಳು ತಿಂಗಳು ನಾನು ಯಾರ ಫೋನನ್ನೂ ಎತ್ತಿಲ್ಲ. ಮಾಡಿ ಮಾಡಿ ಸುಸ್ತಾದವರೇ, ನಾಲ್ಕು ವರ್ಷ ನನ್ನ ಭಾನುವಾರಗಳು ಬುಕ್ ಆಗಿವೆ. ಸೋಮವಾರದಿಂದ ಪ್ರಯತ್ನಿಸಿ, ಎತ್ತುತ್ತೇನೆ.