ಕುಂಕುಮದ ಕೆಳಗಿನ ಗಂಟೆ

ಆಯುಧಪೂಜೆಯ ಮಾರನೇ ದಿನ ಬಸವೇಶ್ವರನಗರದ ಒಂದು ಕ್ಲಿನಿಕ್ಕಿಗೆ ಪ್ರಿಂಟರ್ ರಿಪೇರಿಗೆ ಹೋಗಿದ್ದೆ. ಲಿಫ್ಟಿನಲ್ಲಿ ನನ್ನ ಜೊತೆ ಉಬ್ಬಸದ ಆಂಟಿಯೊಬ್ಬರಿದ್ದರು. ಎರಡು ಮಹಡಿಗಳ ಮಧ್ಯೆ ಲಿಫ್ಟು ಗಕ್ಕನೆ ನಿಂತಿತು. ಫ್ಯಾನೂ ನಿಂತಿತು.

ಅಲಾರಂ ಯಾವುದು? ಗುಂಡಿಗಳೆಲ್ಲ ಒಂದೇ ಗಾತ್ರ, ಒಂದೇ ಬಣ್ಣ. ಅವುಗಳ ಮೇಲಿದ್ದ ಗುರುತುಗಳೂ ಕಾಣದ ಹಾಗೆ ವಾಚ್‌ಮನ್ ವಿಭೂತಿ ಬಳಿದು ಕುಂಕುಮ ಇಟ್ಟಿದ್ದ. ಹತ್ತುವಾಗ ನಮ್ಮ ಮಹಡಿಯ ಗುಂಡಿಯನ್ನು ಅವನೇ ಒತ್ತಿ ಕಳಿಸಿದ್ದ.

"ಯಾವುದ್ಯಾವುದೋ ಒತ್ತಬೇಡಿ, ಕೆಳಗೆ ಬಿದ್ದುಬಿಟ್ರೆ?" ಎಂದರು ಆಂಟಿ. ಕರ್ಚೀಫು ತೆಗೆದೆ. ನನ್ನ ಕೈ ಹಿಡಿದುಕೊಂಡರು. "ಪೂಜೆ ಮಾಡಿರೋದನ್ನ ಒರೆಸ್ತಾರೇನ್ರೀ?"

"ಹಾಗಾದ್ರೆ ಏನ್ ಮಾಡ್ಲಿ, ನೀವೇ ಹೇಳಿ ಆಂಟಿ!" ಎಂದು ರೇಗಿದೆ.

ಅವರ ಎದೆಯಿಂದ ಸಿಳ್ಳೆಯಂಥ ಸದ್ದು ಬರುತ್ತಿತ್ತು. ಗೋಡೆಗೆ ಒರಗಿ, ಕಣ್ಣು ಮುಚ್ಚಿಕೊಂಡು, "ಒರೆಸಿ... ಶೂ ಬಿಚ್ಚಿ ಒರೆಸಿ" ಎಂದರು.

ಬಿಚ್ಚಿದೆ. ಒಂದೊಂದೇ ಗುಂಡಿ ಒರೆಸುತ್ತಾ ಹೋದೆ. ಕೊನೆಯದರ ಕುಂಕುಮದ ಕೆಳಗೆ ಗಂಟೆಯ ಚಿತ್ರ ಸಿಕ್ಕಿತು. ಒತ್ತಿ ಹಿಡಿದೆ.

ವಾಚ್‌ಮನ್ ಬಂದು ಬಾಗಿಲು ತೆಗೆದು ಇಬ್ಬರನ್ನೂ ಹೊರಗೆಳೆದ. ನನ್ನ ಕೆಂಪು ಕರ್ಚೀಫು ನೋಡಿ, "ಕುಂಕುಮ ಒರೆಸಿದ್ರೆ ನಿಲ್ಲದೆ ಏನ್ಮಾಡುತ್ತೆ ಸಾರ್?" ಎಂದ.

ಅಷ್ಟು ಹೊತ್ತಿಗೆ ಆಂಟಿಗೆ ಉಸಿರು ಬಂದಿತ್ತು. "ನಾನು ಆಗ್ಲೇ ಬೇಡ ಅಂದೆ ಕಣಪ್ಪಾ," ಎಂದರು.