ಮಾವನಿಗೆ ಬೆನ್ನು ಹಾಕಿ ಹೊಡೆದ ಗುಂಡು

ನನ್ನ ಗಂಡನ ಮನೆ ಹಲಗೂರಿನಿಂದ ಎರಡು ಮೈಲಿ ಆಚೆ, ಕಬ್ಬಿನ ಗದ್ದೆಗಳ ನಡುವಿನ ತೋಟದ ಮನೆ. ಕೂಗಿದರೆ ಓಗೊಡುವವರಿಲ್ಲ. ನಮ್ಮ ಯಜಮಾನರು ಬ್ಲಫ್ ಅನ್ನುವ ಊರಿನಲ್ಲಿ ಕರೆಂಟು ತಯಾರಿಸುವ ಕಡೆ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಿದ್ದರು. ಅತ್ತೆ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಹಾಗಾಗಿ ಮನೆಯಲ್ಲಿ ಇದ್ದವರು ನಾನು, ನನ್ನ ಮಾವ, ಮತ್ತು ಮಾವನ ಆರು ಗುಂಡಿನ ಪಿಸ್ತೂಲು. ಮೂವರಲ್ಲಿ ನನ್ನ ಮಾತೇ ಜಾಸ್ತಿ. ಮದ್ದೂರು ಸೀಮೆಯವಳು, ಮೂಗಿನ ತುದಿಯಲ್ಲೇ ಸಿಟ್ಟು ಅಂತ ತವರಿನಲ್ಲೂ ಹೆಸರು ತೆಗೆದುಕೊಂಡವಳು.

ಇದು ಎಪ್ಪತ್ತರ ದಶಕ ಮುಗಿಯುತ್ತಾ ಬಂದಾಗಿನ ಮಾತು. ಒಂದು ದಿನ ಹಾಡುಹಗಲೇ, ಆಳುಗಳೆಲ್ಲ ಕಬ್ಬು ಕಡಿಯಲು ಹೋಗಿದ್ದಾಗ, ಮೂವರು ಕಳ್ಳರು ಅಂಗಳಕ್ಕೆ ನುಗ್ಗಿದರು. ಮಾವ ಪಿಸ್ತೂಲು ತಂದು ಹಿಡಿದರು. ಅವರಿಗೆ ಆಗಲೇ ಕೈನಡುಕ ಶುರುವಾಗಿತ್ತು. ಗುಂಡು ಕೊಟ್ಟಿಗೆಯ ಹೆಂಚು ಒಡೆಯಿತು. ಒಬ್ಬ ನನ್ನ ಕತ್ತಿನ ಸರ ಕಿತ್ತುಕೊಂಡು ಓಡಿದ, ಇನ್ನೊಬ್ಬ ಓಡುತ್ತಲೇ ಮಾವನ ಕೈನಡುಕವನ್ನು ಅಣಕಿಸಿ ನಕ್ಕ. ಸರ ಹೋಯಿತೆಂದು ನಾನು ಅಳಲಿಲ್ಲ. ಆ ನಗು ಮಾತ್ರ ನನ್ನ ಹೊಟ್ಟೆ ಉರಿಸಿತು. ಮಾವ ಎರಡು ದಿನ ಮುದ್ದೆ ಮುಟ್ಟಲಿಲ್ಲ.

ವಾರದ ಕೊನೆಗೆ ಬಂದ ಯಜಮಾನರು ಕಡ್ಡಿ ಮುರಿದ ಹಾಗೆ ಹೇಳಿದರು. ಪಿಸ್ತೂಲನ್ನು ಸ್ಟೇಷನ್ನಿಗೆ ಒಪ್ಪಿಸುವುದು, ತೋಟದ ಮನೆಗೆ ಬೀಗ ಹಾಕುವುದು, ಎಲ್ಲರೂ ಊರೊಳಗೆ ಬಾಡಿಗೆಗೆ ಹೋಗುವುದು. ಆ ಮನೆಯ ಒಂದೊಂದು ಕಲ್ಲನ್ನೂ ಮಾವ ತಾವೇ ನಿಂತು ಕಟ್ಟಿಸಿದ್ದರು. ಅವರು ತಲೆ ತಗ್ಗಿಸಿ ಕೂತದ್ದು ನೋಡಿ ನನಗೆ ತಡೆಯಲಾಗಲಿಲ್ಲ. “ಲೈಸೆನ್ಸು ನನ್ನ ಹೆಸರಿಗೆ ಮಾಡಿಸಿ, ನಾನು ಹೊಡೀತೀನಿ” ಅಂದೆ. ಯಜಮಾನರು ನಕ್ಕರು. ಮಾವ ನಗಲಿಲ್ಲ.

ಲೈಸೆನ್ಸು ಕೊಡುವ ಸಾಹೇಬರು, ನಾನು ಹೆಂಗಸೆಂದು ಹಿಂದೆಮುಂದೆ ನೋಡಿದರು. ಮಂಡ್ಯದ ಹೊರಗೆ ಒಂದು ಬತ್ತಿದ ಕೆರೆಯ ಅಂಗಳದಲ್ಲಿ, ಮಿಲಿಟರಿಯಿಂದ ನಿವೃತ್ತರಾದ ಒಬ್ಬ ಸುಬೇದಾರರು ಲೈಸೆನ್ಸುದಾರರಿಗೆ ವರ್ಷಕ್ಕೊಮ್ಮೆ ಪಂದ್ಯ ನಡೆಸುತ್ತಿದ್ದರು. ಬರೀ ಗುರಿ ಹೊಡೆಯುವ ಪಂದ್ಯವಲ್ಲ ಅದು. ಮನೆಗೆ ಕಳ್ಳ ನುಗ್ಗಿದ್ದಾನೆ ಅಂದುಕೊಂಡು ಎದ್ದು, ಓಡಿ, ಗೋಡೆಯ ಮರೆ ಹಿಡಿದು ಹೊಡೆಯಬೇಕು. ಅದರಲ್ಲಿ ತಪ್ಪಿಲ್ಲದೆ ಮುಗಿಸಿ, ಸುಬೇದಾರರಿಂದ ಚೀಟಿ ತಂದರೆ ನೋಡೋಣ ಅಂದರು ಸಾಹೇಬರು.

ಮಾವ ನನಗೆ ಕಲಿಸಿದ ರೀತಿಯೇ ಬೇರೆ. ಸೊಸೆಯ ಕೈಗೆ ಕೈ ತಾಗಬಾರದೆಂದು ಪಿಸ್ತೂಲನ್ನು ಮೊರದಲ್ಲಿಟ್ಟು ನೂಕುತ್ತಿದ್ದರು, ನಾನು ಎತ್ತಿಕೊಳ್ಳುತ್ತಿದ್ದೆ. ಜಗಲಿಯ ಮೇಲೆ ನನ್ನ ಪಕ್ಕಕ್ಕೆ ಬರುವಂತೆ ಕೂತು ಅಲ್ಲಿಂದಲೇ “ಉಸ್ರು ಬುಡವ್ವ, ಆಮೇಲೆ ಕುದ್ರೆ ಎಳಿ” ಅನ್ನುತ್ತಿದ್ದರು. ಕುದುರೆ ಅಂದರೆ ಬೆರಳಿನಿಂದ ಎಳೆಯುವ ಕೊಕ್ಕೆ. ಗುಂಡಿಲ್ಲದ ಪಿಸ್ತೂಲಿನಲ್ಲಿ ತಿಂಗಳುಗಟ್ಟಲೆ ಟಕ್ ಟಕ್ ಅನ್ನಿಸಿದೆ. ತೋರುಬೆರಳು ಬಾತುಕೊಂಡು ಮುದ್ದೆ ಕಟ್ಟಲು ಆಗುತ್ತಿರಲಿಲ್ಲ.

ಪಂದ್ಯದ ದಿನ ಮಳವಳ್ಳಿಯಲ್ಲಿ ಬಸ್ಸು ಬದಲಾಯಿಸುವಾಗ ಇಡ್ಲಿ ಕಟ್ಟಿಸಿಕೊಂಡೆ. ಮಾವ ತಿನ್ನಲಿಲ್ಲ. “ಮೊದ್ಲು ನಿನ್ ಪಂದ್ಯ ಆಗ್ಲಿ” ಅಂದರು. ನಾನೂ ಪೊಟ್ಟಣ ಬಿಚ್ಚಲಿಲ್ಲ.

ಕೆರೆಯ ಅಂಗಳದಲ್ಲಿ ಹತ್ತು ಹನ್ನೆರಡು ಗಂಡಸರಿದ್ದರು. ನನ್ನನ್ನು ನೋಡಿ, ಹಾದಿ ತಪ್ಪಿ ಬಂದವಳೆಂದು ಒಬ್ಬರು ಬಸ್ ಸ್ಟ್ಯಾಂಡಿಗೆ ದಾರಿ ತೋರಿಸಿದರು. ಅವರಿಗೆ ಏನು ಉತ್ತರ ಕೊಟ್ಟೆನೆಂದು ಇಲ್ಲಿ ಬರೆಯುವುದಿಲ್ಲ. ಕಬ್ಬಿನ ತರಗು ತುಂಬಿದ ಗೋಣಿಚೀಲಗಳನ್ನು ಮನುಷ್ಯರಂತೆ ನಿಲ್ಲಿಸಿ, ಎದೆಯ ಮೇಲೆ ಇದ್ದಿಲಿನಿಂದ ದುಂಡಗೆ ಬರೆದಿದ್ದರು. ಅವರು ಮೂವರು ಕಳ್ಳರು, ಒಬ್ಬೊಬ್ಬರಿಗೆ ಎರಡು ಗುಂಡು. ಇನ್ನೊಂದು ಚೀಲಕ್ಕೆ ಕೆಂಪು ಸೀರೆ ಸುತ್ತಿ ತಲೆಯಂತೆ ಬಿಂದಿಗೆ ಇಟ್ಟಿದ್ದರು. ಅದು ಮನೆಯ ಹೆಂಗಸು, ಅವಳಿಗೆ ಗುಂಡು ತಾಗಿದರೆ ಹೊರಗೆ. ಚೀಲಗಳ ಹಿಂದೆ ಕೆರೆಯ ಏರಿ. ಸುಬೇದಾರರು ನನ್ನ ಮುಖ ನೋಡಿ ಹೇಳಿದರು: “ಪಿಸ್ತೂಲಿನ ಬಾಯಿ ಯಾವತ್ತೂ ಏರಿ ಕಡೆಗೇ ಇರ್ಬೇಕು ತಾಯಿ. ಒಂದು ಗೇಣು ಈ ಕಡೆ ತಿರುಗಿದ್ರೂ ಮನೆಗೆ ಹೋಗಿ.”

ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿ ಕುರ್ಚಿಯಲ್ಲಿ ಕೂತೆ. ಎದುರಿನ ಮೇಜಿನ ಮೇಲೆ ಪಿಸ್ತೂಲು. ಸೀಟಿ ಊದಿದರು. ಎತ್ತಿಕೊಂಡೆ, ಎದುರಿನ ಚೀಲಕ್ಕೆ ಎರಡು ಹೊಡೆದೆ. ತರಗು ಹಾರಿತು. ಮಣ್ಣಿನ ಗೋಡೆಯ ತನಕ ಓಡಿ, ಬಗ್ಗಿ, ಬಲಗಡೆಯ ಕಳ್ಳನಿಗೆ ಎರಡು ಹೊಡೆದೆ. ಸೀರೆಯವಳನ್ನು ಬಿಟ್ಟೆ. ಮುಗಿಯಿತು ಅಂದುಕೊಂಡು ಉಸಿರು ಬಿಟ್ಟೆ. ಎಡಗಡೆ ಅವಳ ಮರೆಯಲ್ಲಿ ಇನ್ನೊಬ್ಬ ಕಳ್ಳ ಇದ್ದದ್ದು ನನ್ನ ತಲೆಯಿಂದಲೇ ಹಾರಿಹೋಗಿತ್ತು.

“ಮಗಾ! ಎಡಗಡೆ ಇನ್ನೊಂದದೆ ಕಣವ್ವಾ!”

ಹಿಂದಿನಿಂದ ಮಾವನ ದನಿ. ಮದುವೆಯಾಗಿ ಬಂದ ದಿನದಿಂದ, ಮಾವ ಕರೆದರೆ ಕೈಯಲ್ಲಿದ್ದ ಕೆಲಸ ಬಿಟ್ಟು, ಸೆರಗು ಹೊದ್ದು, ಅವರ ಕಡೆಗೆ ತಿರುಗಿ ನಿಲ್ಲುವುದು ನನ್ನ ಅಭ್ಯಾಸ. ಹಿರಿಯರು ಮಾತಾಡಿಸುವಾಗ ಬೆನ್ನು ತೋರಿಸುವ ಸೊಸೆ ನಮ್ಮ ಕಡೆ ಇಲ್ಲ. ತೋಟದಲ್ಲಿ ಕಲಿಯುವಾಗ ಅವರು ಪಕ್ಕದಲ್ಲೇ ಕೂರುತ್ತಿದ್ದರಿಂದ ಅವರಿಗೆ ಬೆನ್ನಾಗುವ ಪ್ರಸಂಗವೇ ಬಂದಿರಲಿಲ್ಲ. ಈಗ ಮನಸ್ಸಿಗಿಂತ ಮೊದಲು ಮೈ ತಿರುಗಿತು. ಬಲಗೈ ಸೊಂಟದ ಸೆರಗನ್ನು ಕಿತ್ತು ಹೆಗಲ ಮೇಲೆ ಎಳೆದುಕೊಂಡಿತು. ಅದೇ ಕೈಯಲ್ಲಿ ಪಿಸ್ತೂಲು. ಅದರ ಬಾಯಿ ನನ್ನ ಕುತ್ತಿಗೆ ಸವರಿ, ಕುರ್ಚಿಗಳ ಸಾಲಿನ ಮೇಲೆ ಹಾದು, ಮಾವನ ಎದೆಗೆ ನೇರವಾಗಿ ಬಂದು ನಿಂತಿತು. ಒಳಗೆ ಇನ್ನೂ ಎರಡು ಗುಂಡು.

ಗಂಡಸರು ನೆಲಕ್ಕೆ ಬಿದ್ದರು. ಒಬ್ಬರು ಪಂಚೆ ಬಿಟ್ಟು ಓಡಿದರು. ಸುಬೇದಾರರು ನನ್ನ ಮಣಿಕಟ್ಟು ಹಿಡಿದು ಮೇಲಕ್ಕೆತ್ತಿದಾಗ ನನ್ನ ಬೆರಳು ಕುದುರೆಯ ಮೇಲೇ ಇತ್ತು. ಮಾವ ಮಾತ್ರ ಕದಲದೆ ನಿಂತಿದ್ದರು. ಅವರ ತುಟಿ ಬಿಳಿಚಿಕೊಂಡಿತ್ತು.

“ಹೊರಗೆ” ಅಂದರು ಸುಬೇದಾರರು. ಬೇವಿನ ಮರದಡಿ ಹೋಗಿ ಕೂತೆ. ಮನೆ ಹೋಯಿತು ಅನ್ನುವುದಕ್ಕಿಂತ, ಒಂದು ಎಳೆಯಷ್ಟು ಬೆರಳು ಬಿಗಿದಿದ್ದರೆ ಮಾವನೇ ಹೋಗುತ್ತಿದ್ದರಲ್ಲ ಎಂಬುದೇ ತಲೆಯಲ್ಲಿ ಸುತ್ತುತ್ತಿತ್ತು. ಮಾವ ಸುಬೇದಾರರ ಹಿಂದೆ ಹಿಂದೆಯೇ ಸುತ್ತಿ ಬೇಡಿಕೊಂಡರು. “ತೆಪ್ಪು ನಂದು ಸ್ವಾಮಿ. ಕೂಗಿದ್ದು ನಾನು. ಇನ್ನೊಂದ್ ಕಿತ ನೋಡಿ.”

ಎಲ್ಲರ ಸರದಿ ಮುಗಿದ ಮೇಲೆ ಸುಬೇದಾರರು ಬಂದರು. “ಬಹುಮಾನ ಇಲ್ಲ, ಚೀಟಿಗೆ ಮಾತ್ರ. ಆಯಮ್ಮನಿಗೆ ಹೊಡೆಯೋಕೆ ಬರುತ್ತೆ. ಆದ್ರೆ ಕಳ್ಳ ಬಂದಾಗ ನೀವು ಹಿಂದೆ ಕೂಗದೆ ಇರ್ತೀರಾ ಯಜಮಾನ್ರೇ? ಈಗ್ಲೂ ಹಿಂದೆ ನಿಂತು ಕೂಗಿ. ಬಾಯಿಗೆ ಬಂದಿದ್ದು ಅನ್ನಿ. ಕೊನೇ ಗುಂಡಿನ ತನಕ ಆಯಮ್ಮ ತಿರುಗಬಾರದು.”

ಸೀಟಿ. ಮೊದಲ ಚೀಲಕ್ಕೆ ಎರಡು.

“ಅವ್ವಾ, ಒಂದ್ ಲೋಟ ನೀರ್ ತತ್ತಾ.” ಬೆನ್ನಿನ ಮೇಲೆ ಕೆಂಡ ಇಟ್ಟ ಹಾಗಾಯಿತು. ಓಡಿದೆ, ಗೋಡೆ ಹಿಡಿದೆ.

“ಕಿವಿ ಕೇಳ್ನಿಲ್ವಾ? ಮಾವ ಕೂಗ್ತಾವ್ನೆ, ಬೆನ್ ಕೊಟ್ಕಂಡ್ ನಿಂತಿದೀಯಲ್ಲ, ನಿಮ್ಮಪ್ಪನ್ ಮನೇಲಿ ಇದ್ನೇಯಾ ಕಲ್ಸಿದ್ದು?”

ಹಿಂದೆ ಗಂಡಸರ ನಗು. ನನ್ನ ಅಪ್ಪನ ಸುದ್ದಿಗೆ ಅವರು ಎಂದೂ ಬಂದವರಲ್ಲ. ನಾಟಕ ಎಂದು ಗೊತ್ತಿದ್ದೂ ಕಣ್ಣು ಮಂಜಾಯಿತು. ತೋಳಿನಿಂದ ಒರೆಸಿಕೊಂಡು ಬಲಗಡೆಯವನಿಗೆ ಎರಡು ಹೊಡೆದೆ. ಎಡಗಡೆಗೆ ಸರಿದು, ಸೀರೆಯವಳ ಭುಜದ ಪಕ್ಕ ಇಣುಕುತ್ತಿದ್ದ ಇದ್ದಿಲಿನ ದುಂಡಿಗೆ ಗುರಿ ಇಟ್ಟೆ.

“ಮಗಾ... ಕಣ್ಗೆ ಕತ್ಲೆ ಬತ್ತದೆ ಕಣವ್ವ... ಯಾಕೋ ಆಯ್ತಿಲ್ಲ...”

ಗಂಡಸರು ಇನ್ನೂ ಜೋರಾಗಿ ನಕ್ಕರು. ಸುಬೇದಾರರ ಕಣ್ಣು ನನ್ನ ಬೆರಳಿನ ಮೇಲೇ ಇತ್ತು. ಹಿಂದೆ ಕುರ್ಚಿ ಉರುಳಿದ ಸದ್ದಾಯಿತು.

ಅದೂ ನಾಟಕ ಅಂದುಕೊಂಡೆ ಎಂದು ಎಷ್ಟೋ ಸಲ ಹೇಳಿದ್ದೇನೆ. ಸುಳ್ಳು. ಮೂರು ವರ್ಷ ಆ ಮನುಷ್ಯನಿಗೆ ಮುದ್ದೆ ಬಡಿಸಿದ್ದೆ, ಜ್ವರ ಬಂದಾಗ ಬಾಗಿಲಾಚೆ ನಿಂತು ನರಳುವುದು ಕೇಳಿದ್ದೆ. ಆ ದನಿ ನನಗೆ ಗೊತ್ತಿತ್ತು. ಬೆಳಿಗ್ಗೆಯಿಂದ ಅವರ ಹೊಟ್ಟೆಗೆ ಏನೂ ಬಿದ್ದಿಲ್ಲವೆಂದೂ ಗೊತ್ತಿತ್ತು. ಇನ್ನೆರಡೇ ಗುಂಡು ಅಂದುಕೊಂಡೆ. ಉಸಿರು ಬಿಟ್ಟು ಕುದುರೆ ಎಳೆದೆ. ಮತ್ತೊಮ್ಮೆ ಎಳೆದೆ. ಎರಡೂ ದುಂಡಿನೊಳಗೆ ಬಿದ್ದವು. ಪಿಸ್ತೂಲು ಬಿಚ್ಚಿ, ಗುಂಡಿನ ಖಾಲಿ ಕೊಳವೆಗಳನ್ನು ಉದುರಿಸಿ, ಮೇಜಿನ ಮೇಲಿಟ್ಟು, ಆಮೇಲೆ ತಿರುಗಿದೆ.

ಮಾವ ನೆಲದ ಮೇಲೆ ಮಗ್ಗುಲಾಗಿ ಬಿದ್ದಿದ್ದರು. ನಗುತ್ತಿದ್ದವರ ನಗು ಆಗ ನಿಂತಿತು. ಮುಖಕ್ಕೆ ನೀರು ಹಾಕಿ, ಬೆಲ್ಲದ ಪಾನಕ ಕುಡಿಸಿದ ಮೇಲೆ ಕಣ್ಣು ಬಿಟ್ಟರು. ನನ್ನನ್ನು ನೋಡಿ ಕೇಳಿದ ಮೊದಲ ಮಾತು, “ತಿರುಗ್ನಿಲ್ಲ ತಾನೆ?”

ಚೀಟಿ ಸಿಕ್ಕಿತು, ಲೈಸೆನ್ಸೂ ಬಂತು. ನಾವು ತೋಟದ ಮನೆ ಬಿಡಲಿಲ್ಲ. ಮಾವ ಇನ್ನೂ ಒಂಬತ್ತು ವರ್ಷ ಬದುಕಿದ್ದರು. ಮನೆಗೆ ಬಂದವರನ್ನೆಲ್ಲ ಜಗಲಿಯಲ್ಲಿ ಕೂರಿಸಿಕೊಂಡು, “ನಾನು ನಿಜವಾಗ್ಲೂ ಬಿದ್ದೋದ್ರೂವೆ ತಿರುಗಿ ನೋಡ್ನಿಲ್ಲ ಕಣಯ್ಯ ನಮ್ ಸೊಸೆ, ಅಂಥ ಗಟ್ಟಿಗಿತ್ತಿ” ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಅವರು ಹೊಗಳಲೆಂದೇ ಹೇಳುತ್ತಿದ್ದರು, ಅದರಲ್ಲಿ ನನಗೆ ಅನುಮಾನವಿಲ್ಲ. ಆ ಮಾತು ಶುರುವಾದ ಕೂಡಲೇ ನಾನು ಕಾಫಿ ಕಾಸುವ ನೆಪ ಹೇಳಿ ಒಳಗೆ ಹೋಗಿಬಿಡುತ್ತಿದ್ದೆ.